ಗ್ಯಾಸ್‌ಲೈಟಿನ ಬೂದಿ, ಗುಜರಿಯ ಕೋಬಾಲ್ಟ್: ನಿತ್ಯಜೀವನದಲ್ಲಿ ವಿಕಿರಣಪಟು ಪದಾರ್ಥಗಳು

ಕರ್ನಾಟಕದ ಹಳ್ಳಿಗಳಿಗೆ ವಿದ್ಯುತ್ತು ತಲುಪುವ ಮೊದಲು ಮದುವೆಯ ಚಪ್ಪರವನ್ನೂ ಯಕ್ಷಗಾನದ ರಂಗಸ್ಥಳವನ್ನೂ ಬೆಳಗಿದ್ದು ಗ್ಯಾಸ್‌ಲೈಟು. ಒತ್ತಡಕ್ಕೊಳಪಡಿಸಿದ ಸೀಮೆಎಣ್ಣೆ ಆವಿಯಾಗಿ ಉರಿಯುವ ಈ ದೀಪದ ಬೆಳಕು ವಾಸ್ತವವಾಗಿ ಜ್ವಾಲೆಯದಲ್ಲ. ಜ್ವಾಲೆಯ ಸುತ್ತ ಕಟ್ಟಿದ ಮ್ಯಾಂಟಲಿನದು. ನೂಲಿನ ಆ ಬಲೆಯನ್ನು ಥೋರಿಯಂ ಹಾಗೂ ತುಸು ಸೀರಿಯಂ ಲವಣಗಳ ದ್ರಾವಣದಲ್ಲಿ ಅದ್ದಿ ಒಣಗಿಸಿರುತ್ತಿದ್ದರು. ಮೊದಲ ಸಲ ಉರಿಸಿದಾಗ ನೂಲು ಸುಟ್ಟುಹೋಗಿ, ಮುಟ್ಟಿದರೆ ಪುಡಿಯಾಗುವ ಆಕ್ಸೈಡಿನ ಗೂಡೊಂದು ಉಳಿಯುತ್ತಿತ್ತು. 99 ಭಾಗ ಥೋರಿಯಂ ಆಕ್ಸೈಡಿಗೆ 1 ಭಾಗ ಸೀರಿಯಂ ಆಕ್ಸೈಡ್ ಎಂಬ ಈ ಪಾಕ ಆಸ್ಟ್ರಿಯಾದ ರಸಾಯನವಿಜ್ಞಾನಿ ಔಅರ್ ಫಾನ್ ವೆಲ್ಸ್‌ಬಾಖ್‌ನದು. 1891ರ ಹೊತ್ತಿಗೆ ಅದು ಸಿದ್ಧವಾಗಿತ್ತು. ಥೋರಿಯಂ ವಿಕಿರಣಪಟು ಎಂಬುದು ತಿಳಿದದ್ದಾದರೋ 1898ರಲ್ಲಿ. ವಿಜ್ಞಾನ ಅದನ್ನು ಗುರುತಿಸುವ ಮೊದಲೇ ಅದು ಮನೆಯೊಳಗೆ ಬಂದಿತ್ತು.

ಇಲ್ಲಿ ಒಂದು ತಪ್ಪು ಗ್ರಹಿಕೆಯನ್ನು ನಿವಾರಿಸಬೇಕು. ಮ್ಯಾಂಟಲ್ ಬೆಳಗುವುದು ವಿಕಿರಣಪಟುತ್ವದಿಂದಲ್ಲ, ಶಾಖದಿಂದ. ಥೋರಿಯಂ ಪರಮಾಣುಗಳು ದೀಪ ಹಚ್ಚಿದರೂ ಆರಿಸಿದರೂ ಒಂದೇ ಗತಿಯಲ್ಲಿ ಕ್ಷಯಿಸುತ್ತವೆ. ಒಂದು ಮಿಲಿಗ್ರಾಂ ಥೋರಿಯಂನಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 4 ಪರಮಾಣುಗಳು ಒಡೆಯುತ್ತವೆ; ಅದರ ಅರ್ಧಾಯು ಸುಮಾರು 1,400 ಕೋಟಿ ವರ್ಷ. ಅರ್ಧಾಯು ದೀರ್ಘವಾದಷ್ಟೂ ಪದಾರ್ಥ ಹೆಚ್ಚು ಅಪಾಯಕರ ಎಂದು ಭಾವಿಸುವವರುಂಟು. ಸಮಸಂಖ್ಯೆಯ ಪರಮಾಣುಗಳನ್ನು ಹೋಲಿಸಿದರೆ ಸಂಗತಿ ತಿರುಗುಮುರುಗು: ನಿಧಾನವಾಗಿ ಕ್ಷಯಿಸುವುದು ಒಂದು ಗಳಿಗೆಯಲ್ಲಿ ಹೊರಸೂಸುವ ವಿಕಿರಣವೂ ಕಡಿಮೆಯೇ.

ಥೋರಿಯಂ ಮುಖ್ಯವಾಗಿ ಆಲ್ಫಾ ಕಣಗಳನ್ನು ಉಗುಳುತ್ತದೆ. ಒಂದು ಹಾಳೆ ಕಾಗದ, ಅಥವಾ ಚರ್ಮದ ಮೇಲಿನ ನಿರ್ಜೀವ ಪದರ, ಅವನ್ನು ತಡೆಯಬಲ್ಲದು. ಇಡೀ ರಾತ್ರಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಆಟ ನೋಡಿದವರಿಗೆ ಇದರಿಂದ ಗಣನೀಯ ಹಾನಿ ಇರಲಿಲ್ಲ. ಆದರೆ ಅದೇ ಬೂದಿ ಉಸಿರಿನೊಡನೆ ಶ್ವಾಸಕೋಶ ಸೇರಿದರೆ ಆಲ್ಫಾ ಕಣಕ್ಕೂ ಜೀವಕೋಶಕ್ಕೂ ನಡುವೆ ತಡೆಯೇ ಇರುವುದಿಲ್ಲ. ಹೊಸ ಮ್ಯಾಂಟಲನ್ನು ಮೊದಲ ಬಾರಿ ಉರಿಸುವಾಗ ಥೋರಿಯಂ ಸರಣಿಯ ಕೆಲವು ಧಾತುಗಳು ಹೊಗೆಯೊಡನೆ ಹೊರಬೀಳುವುದೂ ಉಂಟು. ಹೀಗಾಗಿ ಯೋಚಿಸಬೇಕಾದದ್ದು ಪ್ರೇಕ್ಷಕನ ಬಗೆಗಲ್ಲ, ಮ್ಯಾಂಟಲ್ ಕಟ್ಟಿ, ಒಡೆದದ್ದನ್ನು ಉದುರಿಸಿ, ಅದೇ ಕೈಯಲ್ಲಿ ಊಟಕ್ಕೆ ಕೂರುತ್ತಿದ್ದವನ ಬಗೆಗೆ. ಅದಕ್ಕಿಂತ ಹೆಚ್ಚಾಗಿ ಕಾರ್ಖಾನೆಗಳಲ್ಲಿ ಅದನ್ನು ತಯಾರಿಸುತ್ತಿದ್ದವರ ಬಗೆಗೆ. ಈಚಿನ ಮ್ಯಾಂಟಲುಗಳಲ್ಲಿ ಅನೇಕವು ಥೋರಿಯಂಗೆ ಬದಲಾಗಿ ಯಿಟ್ರಿಯಂ ಬಳಸುತ್ತವೆ.

ದೇಹದೊಳಗಿನ ವಿಕಿರಣವೆಲ್ಲ ಹೊರಗಿನಿಂದ ಬಂದ ಕೇಡು ಎಂದೂ ಅಲ್ಲ. ಬಾಳೆಹಣ್ಣು, ಎಳನೀರುಗಳಲ್ಲಿ ಹೇರಳವಾಗಿರುವ ಪೊಟ್ಯಾಸಿಯಂನ ಅಲ್ಪಾಂಶ ಪೊಟ್ಯಾಸಿಯಂ-40 ಎಂಬ ವಿಕಿರಣಪಟು ಸಮಸ್ಥಾನಿ. ವಯಸ್ಕನೊಬ್ಬನ ಶರೀರದಲ್ಲಿ ಅದರ ಸುಮಾರು 4,000 ಪರಮಾಣುಗಳು ಪ್ರತಿ ಸೆಕೆಂಡಿಗೂ ಕ್ಷಯಿಸುತ್ತಿರುತ್ತವೆ. ಶರೀರ ಪೊಟ್ಯಾಸಿಯಂನ ಮಟ್ಟವನ್ನು ಸಮತೋಲದಲ್ಲಿಡುವುದರಿಂದ ಹಣ್ಣು ಹೆಚ್ಚು ತಿಂದ ಮಾತ್ರಕ್ಕೆ ಅದು ಶೇಖರವಾಗದು.

ಮ್ಯಾಂಟಲಿನ ಥೋರಿಯಂನ ಒಂದು ಮುಖ್ಯ ಮೂಲ ತಿರುವಾಂಕೂರಿನ ಕಡಲತಡಿಯ ಮೊನಜೈಟ್ ಮರಳು. 1909ರಲ್ಲಿ ಜರ್ಮನಿಯ ಷೋಂಬರ್ಗ್ ಅದನ್ನು ಪತ್ತೆಹಚ್ಚಿದ್ದು ಅಲ್ಲಿಂದ ಬಂದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ. ಆ ಮರಳಿನ ಮೇಲೆಯೇ ತಲೆಮಾರುಗಳಿಂದ ಜನ ಬಾಳಿದ್ದಾರೆ. ಜಗತ್ತಿನಲ್ಲಿ ಒಬ್ಬರಿಗೆ ನೈಸರ್ಗಿಕವಾಗಿ ತಗಲುವ ವಿಕಿರಣ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್, ಕೊಲ್ಲಂ ಜಿಲ್ಲೆಯ ಕರುನಾಗಪ್ಪಳ್ಳಿಯ ಕೆಲವು ತಾಣಗಳಲ್ಲಿ ಇದರ ಹಲವು ಪಟ್ಟು ಇದೆ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಸಂಶೋಧಕರು ಅಲ್ಲಿನ 69,958 ಮಂದಿಯನ್ನು ಸರಾಸರಿ ಹತ್ತೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಂಡುಬರಲಿಲ್ಲ. ಅಲ್ಪ ಪ್ರಮಾಣದ ವಿಕಿರಣ ನಿರಪಾಯವೆಂದು ಇದರಿಂದ ಸಿದ್ಧವಾಗದು. ಅಪಾಯವಿದ್ದರೂ ಇಷ್ಟು ದೊಡ್ಡ ಗಣತಿಯಲ್ಲೂ ಗೋಚರಿಸದಷ್ಟು ಸಣ್ಣದು ಎನ್ನಬಹುದು.

ನಿಸರ್ಗ ಹರಡಿಟ್ಟ ವಿಕಿರಣದ ಮಾತು ಇದಾದರೆ, ಮನುಷ್ಯ ಒಂದೆಡೆ ಒಟ್ಟುಗೂಡಿಸಿದ ವಿಕಿರಣದ ರೀತಿಯೇ ಬೇರೆ. ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ 2010ರಲ್ಲಿ ಹಳೆಯ ಪ್ರಯೋಗಾಲಯವೊಂದರ ಗಾಮಾ ವಿಕಿರಣ ಯಂತ್ರ ಹರಾಜಿನ ಮೂಲಕ ಬಂದಿತು. ಅದರೊಳಗಿನ ಕೋಬಾಲ್ಟ್-60ರ ಅರ್ಧಾಯು ಕೇವಲ 5.27 ವರ್ಷ, ಆದರೂ ಬಹುಕಾಲ ಬಳಕೆಯಿಲ್ಲದೆ ಬಿದ್ದಿದ್ದ ಆ ಯಂತ್ರದಲ್ಲಿ ಜೀವ ತೆಗೆಯುವಷ್ಟು ಕಸುವು ಉಳಿದಿತ್ತು. ಸೀಸಕ್ಕೆ ಬೆಲೆಯುಂಟೆಂದು ಕೆಲಸಗಾರರು ಕವಚ ಬಿಡಿಸಿದರು. ಹಲವರು ಅಸ್ವಸ್ಥರಾದರು, ಒಬ್ಬರು ತೀರಿಕೊಂಡರು. ವಿಕಿರಣಕ್ಕೆ ವಾಸನೆಯಿಲ್ಲ, ಬಿಸಿಯಿಲ್ಲ. ಕೈಯಲ್ಲಿ ಹಿಡಿದವನಿಗೆ ಅದು ಬರೀ ಲೋಹ. ಯಂತ್ರವನ್ನು ಹೊರಸಾಗಿಸಿದ ವಿದ್ಯಾವಂತರ ಅಲಕ್ಷ್ಯಕ್ಕೆ ಬೆಲೆ ತೆತ್ತವರು ಅದರ ಹೆಸರೂ ತಿಳಿಯದ ಕೂಲಿಕಾರರು.

ಹಳದಿ ಹಿನ್ನೆಲೆಯ ಮೂರೆಸಳಿನ ವಿಕಿರಣ ಚಿಹ್ನೆ ಇಂಥವರಿಗೆ ಏನನ್ನೂ ಹೇಳದೆಂಬುದನ್ನು ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಈ ದುರಂತಕ್ಕೆ ಮೊದಲೇ ಮನಗಂಡಿತ್ತು. ಅದು 2007ರಲ್ಲಿ ಮತ್ತೊಂದು ಚಿಹ್ನೆಯನ್ನು ಜಾರಿಗೆ ತಂದಿತು: ಕೆಂಪು ತ್ರಿಕೋನದಲ್ಲಿ ವಿಕಿರಣದ ಅಲೆಗಳು, ತಲೆಬುರುಡೆ, ಓಡುತ್ತಿರುವ ಮನುಷ್ಯ. ಇದನ್ನು ಯಂತ್ರದ ಹೊರಮೈಗೆ ಹಚ್ಚುವುದಿಲ್ಲ. ಒಳಗಿನ ಕವಚದ ಮೇಲೆ, ಯಂತ್ರವನ್ನು ಬಿಚ್ಚತೊಡಗಿದವನ ಕಣ್ಣಿಗೆ ಮಾತ್ರ ಬೀಳುವಂತೆ, ಹಚ್ಚಲಾಗುತ್ತದೆ.