ಸಂತಾನಹರಣ ಶಸ್ತ್ರಕ್ರಿಯೆಯ ಅನಂತರ ಹೆಣ್ಣುನಾಯಿಯ ಶುಶ್ರೂಷೆ

ಸಂತಾನಹರಣ ಶಸ್ತ್ರಕ್ರಿಯೆಗೆ ಒಳಗಾದ ಹೆಣ್ಣುನಾಯಿಯ ಶುಶ್ರೂಷೆಯಲ್ಲಿ ಮೊದಲ ರಾತ್ರಿಯೇ ಕಠಿನವೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಮೂರನೆಯ ದಿನಕ್ಕೂ ಅಷ್ಟೇ ಎಚ್ಚರಿಕೆ ಬೇಕೆಂಬುದು ನಮ್ಮ ಅಭಿಪ್ರಾಯ. ಅಷ್ಟರಲ್ಲಿ ಅರಿವಳಿಕೆಯ ಮಂಪರು ಇಳಿದು ನಾಯಿ ಬಾಲವಾಡಿಸತೊಡಗಿರುತ್ತದೆ. ಮನೆಯವರು ನಿಶ್ಚಿಂತರಾಗಿ ಸರಪಳಿ ಬಿಚ್ಚುತ್ತಾರೆ.

ಈ ಶಸ್ತ್ರಕ್ರಿಯೆಯಲ್ಲಿ ಸಾಮಾನ್ಯವಾಗಿ ಉದರವನ್ನು ನಡುಗೆರೆಯಲ್ಲಿ ಸೀಳಿ ಎರಡು ಅಂಡಾಶಯಗಳನ್ನೂ ಗರ್ಭಕೋಶವನ್ನೂ ತೆಗೆಯುತ್ತಾರೆ. ಬಳಿಕ ಉದರಭಿತ್ತಿಯನ್ನೂ ಚರ್ಮವನ್ನೂ ಬೇರೆಬೇರೆಯಾಗಿ ಹೊಲಿಯುತ್ತಾರೆ. ನಮ್ಮ ಕಣ್ಣಿಗೆ ಬೀಳುವುದು ಚರ್ಮದ ಹೊಲಿಗೆ ಮಾತ್ರ. ಅದನ್ನು ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ತೆಗೆಯಬಹುದು. ಒಳಗಿನ ಭಿತ್ತಿಯಾದರೋ ತನ್ನ ಬಲವನ್ನು ಮರಳಿ ಪಡೆಯಲು ಹಲವು ವಾರಗಳೇ ಹಿಡಿಯುತ್ತವೆ. ಮೊದಮೊದಲು ಅಲ್ಲಿಯ ಎಳೆತವನ್ನು ಬಹುಪಾಲು ದಾರವೇ ತಾಳಿಕೊಳ್ಳಬೇಕು. ನಾಯಿ ಜಗಲಿಯಿಂದ ಧುಮುಕಿದರೆ ಆ ಹೊಲಿಗೆ ಬಿಟ್ಟು ಕರುಳು ಚರ್ಮದಡಿಗೆ ಜಾರಬಹುದು. ಆದುದರಿಂದ ಹೊಲಿಗೆ ತೆಗೆಯುವವರೆಗೆ ಓಟ, ನೆಗೆತ, ಸ್ನಾನ ಇವೊಂದೂ ಕೂಡದು. ಮಲಮೂತ್ರಕ್ಕೂ ಹಗ್ಗ ಹಿಡಿದೇ ಕರೆದೊಯ್ಯಬೇಕು.

ನಾಯಿ ನೆಕ್ಕಿದರೆ ಗಾಯ ಮಾಯುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಾಸ್ತವವಾಗಿ ಬಾಯಿಯ ಸೂಕ್ಷ್ಮಜೀವಿಗಳು ಗಾಯವನ್ನು ಸೇರುತ್ತವೆ. ಹಲ್ಲಿಗೆ ಸಿಕ್ಕ ದಾರ ಕಿತ್ತುಬರುತ್ತದೆ. ಕೊರಳಿಗೆ ಆಲಿಕೆಯಾಕಾರದ ಪಟ್ಟಿ ತೊಡಿಸುವುದು ಕ್ರೌರ್ಯವೇನಲ್ಲ. ಅರಿಸಿನ ಮೆತ್ತುವುದೂ ಬೇಡ. ಅದರ ಬಣ್ಣದಡಿಯಲ್ಲಿ ಕೆಂಪೂ ಕೀವೂ ಮರೆಯಾಗುತ್ತವೆ. ಮನುಷ್ಯರ ನೋವಿನ ಮಾತ್ರೆಯನ್ನು ಕೊಡಲೇಬಾರದು. ಐಬುಪ್ರೊಫೆನ್ ನಾಯಿಗೆ ವಿಷ.

ಒಸಡು ಬಿಳಿಚಿ, ಹೊಟ್ಟೆ ಉಬ್ಬಿ, ನಾಯಿ ನಿತ್ರಾಣವಾದರೆ ಒಳಗೆ ರಕ್ತ ಸೋರುತ್ತಿರಬಹುದು. ಬೆಳಗಾಗಲೆಂದು ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.