ತಳಿಯೊಂದೇ ಸಾಲದು

ಬೇಲೂರು, ಹಳೇಬೀಡಿನ ಕೆರೆಯಂಚಿನ ಗದ್ದೆಗೆ ಹೇಳಿದ ಭತ್ತದ ಬೇಸಾಯ ಪಕ್ಕದ ಅರಸೀಕೆರೆಗೆ ಹೊಂದದು. ಅತ್ತ ಅರೆಮಲೆನಾಡು, ಇತ್ತ ರಾಗಿ, ತೆಂಗಿನ ಬಯಲುಸೀಮೆ. ಹಾಗಾಗಿ ಹೆಚ್ಚು ಇಳುವರಿಯ ತಳಿ ಸಿಕ್ಕಿತೆಂದು ಸಂಶೋಧನೆಯ ಕೆಲಸ ಮುಗಿಯುವುದಿಲ್ಲ. ಅದು ಯಾವ ಗದ್ದೆಗೆ ಎಂಬುದು ರೈತರ ಹೊಲದಲ್ಲೇ ತೀರ್ಮಾನವಾಗಬೇಕು. ಭತ್ತದ ಬೆಂಕಿ ರೋಗವನ್ನೇ ನೋಡಿ. ಮೋಡ, ತುಂತುರು, ಇಬ್ಬನಿ ಕೂಡಿದಾಗ ಎಲೆಯ ಮೇಲೆ ಕಣ್ಣಿನಾಕಾರದ ಚುಕ್ಕೆ ಮೂಡುತ್ತದೆ. ಅಂಚು ಕಂದು, ನಡುವೆ ಬೂದಿ ಬಣ್ಣ. ತೆನೆಯ ಕುತ್ತಿಗೆಗೆ ತಗುಲಿದರೆ ಕಾಳೆಲ್ಲ ಜೊಳ್ಳು. ಯೂರಿಯಾ ಅತಿಯಾದರೆ ರೋಗ ಇನ್ನಷ್ಟು ಬಲಿಯುತ್ತದೆ. ಇದನ್ನು ತಿಳಿಸಲು ಕರಪತ್ರ ಸಾಲದು, ಗದ್ದೆಗೆ ಇಳಿದು ಚುಕ್ಕೆ ತೋರಿಸುವವರು ಬೇಕು.

ಇಳುವರಿ ಹೆಚ್ಚಿಸಿದ್ದು ತಳಿಯೇ ತಾನೆ ಎಂದು ಕೇಳಬಹುದು. ಮಂಡ್ಯದ ವಿ.ಸಿ. ಫಾರಂನಲ್ಲಿ ರೂಪುಗೊಂಡು 1996ರಲ್ಲಿ ಬಿಡುಗಡೆಯಾದ ಕೆ.ಆರ್.ಎಚ್.-2 ಹೈಬ್ರಿಡ್‌ನ ಸಾಧನೆ ದೊಡ್ಡದೇ. ಆದರೆ ಹೈಬ್ರಿಡ್ ಬೀಜವನ್ನು ಪ್ರತಿವರ್ಷ ಹೊಸದಾಗಿ ಕೊಳ್ಳಬೇಕು. ನೀರು, ಗೊಬ್ಬರ ಹದವಾಗಿ ಸಿಗದಿದ್ದರೆ ಅದರ ಶಕ್ತಿ ಹೊಲದಲ್ಲಿ ಕಾಣದು. ನೀರಿನ ಕೊರತೆಯ ಅರಸೀಕೆರೆಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಏರೋಬಿಕ್ ಭತ್ತ, ಅಂದರೆ ನೀರು ನಿಲ್ಲಿಸದೆ ಬೆಳೆಯುವ ತಳಿ, ಹೆಚ್ಚು ಸಮಂಜಸ. ಅಲ್ಲೂ ಕಳೆಯ ಕಾಟ ಹೆಚ್ಚು, ಸಕಾಲದ ಸಲಹೆ ಬೇಕೇ ಬೇಕು. ರೈತರೇ, ಬಿತ್ತನೆಗೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ಹಾಸನದ ಬಳಿಯ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ನಿಮ್ಮ ಗದ್ದೆಯ ನೀರಿನ ಲೆಕ್ಕ ಹೇಳಿ ತಳಿ ಕೇಳಿ.