ಹಡಗಿನ ಸಾಲ ಹೊಸಬರ ಹೆಸರಲ್ಲಿರಲಿ

ಈ ಸಲ ಆಟದ ಮಾತು. ಪುಣೆಯಲ್ಲಿ ನಾವು ನಾಲ್ಕು ಜನ ಕನ್ನಡದವರು ಭಾನುವಾರ ಸಂಜೆ ಸೇರಿ ‘ಟ್ರಾವೆಲರ್’ ಆಡ್ತೀವಿ. 1977ರಲ್ಲಿ ಅಮೆರಿಕದ ಮಾರ್ಕ್ ಮಿಲ್ಲರ್ ತಂದ ಬಾಹ್ಯಾಕಾಶದ ರೋಲ್ ಪ್ಲೇಯಿಂಗ್ ಆಟ ಇದು. ಸ್ಕ್ರೀನ್ ಬೇಡ. ಎರಡು ದಾಳ, ಪೇಪರು, ಪೆನ್ಸಿಲ್ಲು ಸಾಕು. ಒಬ್ಬರು ರೆಫರಿಯಾಗಿ ಲೋಕವನ್ನು ವರ್ಣಿಸ್ತಾರೆ, ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತೆ ಅಂತ ಹೇಳ್ತಾರೆ. ರೆಫರಿ ನಾನು.

ಈ ವರ್ಷ ಐದನೆಯವರಾಗಿ ಒಬ್ಬರು ಸೇರಿಕೊಂಡರು. ದಾವಣಗೆರೆಯವರು, ಹಿಂಜೆವಾಡಿಯಲ್ಲಿ ಟೆಸ್ಟಿಂಗ್ ಕೆಲಸ, ಪುಣೆಗೆ ಬಂದು ಮೂರೇ ತಿಂಗಳು. ಚೌಕಾಬಾರದ ಕವಡೆ ಬಿಟ್ಟರೆ ಏನೂ ಆಡಿದವರಲ್ಲ. ಇಂಥವರು ಎರಡು ವಾರ ಸುಮ್ಮನೆ ಕೂತು, ಮೂರನೇ ವಾರ ‘ರಿಲೀಸ್ ಇದೆ, ಬರಕ್ಕಾಗಲ್ಲ’ ಅಂತ ಮೆಸೇಜ್ ಹಾಕಿಬಿಡ್ತಾರೆ. ಹೊಸ ಊರಲ್ಲಿ ವಾರಕ್ಕೊಮ್ಮೆ ಕನ್ನಡ ಕೇಳೋ ಒಂದು ಮನೆ ಅವರಿಗೆ ತಪ್ಪಿಹೋಗುತ್ತೆ. ನನಗೆ ಆಟಕ್ಕಿಂತ ಅದೇ ದೊಡ್ಡ ಚಿಂತೆ.

ನಿಯಮದ ಪುಸ್ತಕ ಅವರ ಕೈಗೆ ಕೊಡಲೇ ಇಲ್ಲ. ಟ್ರಾವೆಲರ್‌ನಲ್ಲಿ ಪಾತ್ರ ಕಟ್ಟೋದೇ ಒಂದು ಆಟ. ಹದಿನೆಂಟನೇ ವಯಸ್ಸಿಂದ ನಾಲ್ಕು ನಾಲ್ಕು ವರ್ಷದ ನೌಕರಿ, ಪ್ರತಿ ಸಲ ದಾಳ ಹಾಕಿ ಬಡ್ತಿನೋ ಪೆಟ್ಟೋ ನೋಡೋದು. 1977ರ ಆವೃತ್ತಿಯಲ್ಲಿ ಆಟ ಶುರುವಾಗೋ ಮೊದಲೇ ಪಾತ್ರ ಸತ್ತೂ ಹೋಗಬಹುದಿತ್ತು! ಹೊಸಬರ ಜೊತೆ ಅದು ಬೇಡ, ನಾವು ಹೊಸ ಆವೃತ್ತಿ ಬಳಸ್ತೀವಿ. ಅವರ ಪಾತ್ರ ವ್ಯಾಪಾರಿ ಹಡಗಿನಲ್ಲಿ ಹದಿನಾರು ವರ್ಷ ದುಡಿದು, ‘ಅಡ್ಮಿನ್’ ಅನ್ನೋ ಕೌಶಲ್ಯ ಎರಡನೇ ಮಟ್ಟಕ್ಕೆ ಬಂತು. ಹೌದು, ಕಡತ-ಅರ್ಜಿ ನಿಭಾಯಿಸೋದಕ್ಕೂ ಈ ಆಟದಲ್ಲಿ ಅಂಕ ಇದೆ.

ಈಗ ನಾನು ಹೇಳಬೇಕಾಗಿದ್ದ ವಿಷಯ. ನಮ್ಮ ಹಳೆಯ ಆಟಗಾರರು ಕೆಟ್ಟವರಲ್ಲ, ಆದರೆ ‘ನೀವು ಹೀಗೆ ಮಾಡಿ, ಆ ಕಡೆ ಹೋಗಿ’ ಅಂತ ಸಹಾಯ ಮಾಡ್ತಾ ಮಾಡ್ತಾ ಹೊಸಬರ ಪಾತ್ರವನ್ನೂ ತಾವೇ ಆಡಿಬಿಡ್ತಾರೆ. ಸುಮ್ಮನಿರಿ ಅಂದ್ರೆ ಹತ್ತು ನಿಮಿಷ ಸುಮ್ಮನಿರ್ತಾರೆ, ಅಷ್ಟೇ. ಅದಕ್ಕೇ ಹಡಗಿನ ಸಾಲವನ್ನು ಹೊಸಬರ ಹೆಸರಿಗೆ ಬರೆದೆ. ಹಳೆಯ ಪುಸ್ತಕದ ಪ್ರಕಾರ ಚಿಕ್ಕ ವ್ಯಾಪಾರಿ ಹಡಗಿಗೆ ಸುಮಾರು 3.7 ಕೋಟಿ ಕ್ರೆಡಿಟ್. ಮುಂಗಡ ಶೇಕಡಾ 20, ಆಮೇಲೆ ಬೆಲೆಯ 240ನೇ ಒಂದು ಭಾಗದಂತೆ 480 ತಿಂಗಳು ಕಂತು. ತಿಂಗಳಿಗೆ ಒಂದೂವರೆ ಲಕ್ಷದ ಮೇಲೆ! ಇಎಂಐ ಅಂದ್ರೇನು ಅಂತ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾ? ರುಜು ಅವರದ್ದಾದ್ದರಿಂದ ಯಾವ ಸರಕು, ಯಾವ ಪ್ರಯಾಣಿಕ ಅನ್ನೋದನ್ನ ಎಲ್ಲರೂ ಅವರನ್ನೇ ಕೇಳಬೇಕಾಯ್ತು.

ಎರಡನೇ ವಾರ ಬಂದರಿನಲ್ಲಿ ದಾಖಲೆಯಿಲ್ಲದ ಒಬ್ಬ ಬಂದು ಮೂರು ಪಟ್ಟು ಹಣ ಕೊಡ್ತೀನಿ ಅಂದ. ಕಂತಿಗೆ ನಾಲ್ಕು ದಿನ ಬಾಕಿ. ಮೂವರೂ ‘ಹತ್ತಿಸಿಕೊಳ್ಳಿ’ ಅಂದ್ರು. ನಾನು ಅವರ ಕಡೆ ನೋಡಿ ಸುಮ್ಮನೆ ಕಾದೆ. ಇಲ್ಲಿ ರೆಫರಿಗೆ ತಾಳ್ಮೆ ಬೇಕು, ಅರ್ಧ ನಿಮಿಷದ ಮೌನವೂ ಬಹಳ ಉದ್ದ ಅನಿಸುತ್ತೆ. ಅವರು ಕೇಳಿದ್ದು: ‘ಇವನ ಮೇಲೆ ವಾರಂಟ್ ಇದ್ರೆ, ಮುಂದಿನ ಗ್ರಹಕ್ಕೆ ಆ ಸುದ್ದಿ ಹೆಂಗೆ ಹೋಗುತ್ತೆ?’

ಈ ಲೋಕದಲ್ಲಿ ಬೆಳಕಿಗಿಂತ ವೇಗವಾಗಿ ಹೋಗೋ ರೇಡಿಯೋ ಇಲ್ಲ. ಪತ್ರ, ಸುದ್ದಿ, ವಾರಂಟ್, ಎಲ್ಲವೂ ಹಡಗಿನಲ್ಲೇ ಹೋಗಬೇಕು. ಒಂದು ಜಂಪ್‌ಗೆ ಸುಮಾರು ಒಂದು ವಾರ. ಇಷ್ಟು ಹೇಳಿದೆ. ‘ಹಂಗಾದ್ರೆ ನಾವು ಇವತ್ತೇ ಹೊರಟ್ರೆ ವಾರಂಟ್‌ಗಿಂತ ಮುಂಚೆ ಮುಟ್ತೀವಿ’ ಅಂದ್ರು. ಒಂದು ಪುಟ ಓದದವರ ಬಾಯಲ್ಲಿ ಈ ಆಟದ ಜೀವಾಳವೇ ಬಂತು.

ಇವತ್ತೇ ಹೊರಡೋಕೆ ಗುಮಾಸ್ತನ ಅನುಮತಿ ಬೇಕು. ದಾಳ ಹಾಕೋ ಮೊದಲು ಲೆಕ್ಕ ಬಿಚ್ಚಿ ಹೇಳಿದೆ: ಎಂಟು ಬರಬೇಕು, ಅಡ್ಮಿನ್ ಎರಡು ಸೇರುತ್ತೆ, ಅಂದ್ರೆ 36ರಲ್ಲಿ 26 ಸಲ ಗೆಲುವು. ಆ ಕೌಶಲ್ಯವೇ ಇಲ್ಲದವರಿಗೆ ಮೂರು ಕಳೆಯುತ್ತೆ, 36ರಲ್ಲಿ ಮೂರೇ ಸಲ. ಹಳಬರು ತಾವಾಗೇ ಹಿಂದೆ ಸರಿದ್ರು.

ಬಿದ್ದಿದ್ದು ಐದು. ಒಟ್ಟು ಏಳು. ಒಂದು ಕಮ್ಮಿ. ‘ಆಗಲ್ಲ’ ಅಂತ ಬಾಗಿಲು ಹಾಕಿದ್ರೆ ಹೊಸಬರು ಅಲ್ಲೇ ಮುದುಡ್ತಾರೆ. ಗುಮಾಸ್ತ ಅನುಮತಿ ಕೊಟ್ಟ, ಆದರೆ ಪ್ರಯಾಣಿಕನ ಚಹರೆಯನ್ನ ರಿಜಿಸ್ಟರ್‌ನಲ್ಲಿ ಬರೆದುಕೊಂಡ ಅಂದೆ.

ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದರು. ಚಪ್ಪಲಿ ಬಿಡ್ತಾ ಕೇಳಿದ್ರು: ‘ಆ ರಿಜಿಸ್ಟರ್ ಹೊತ್ತ ಹಡಗು ಯಾವತ್ತು ಹೊರಡುತ್ತೆ?’